ಒರೆಸದೆ ಬಿಟ್ಟ ನೆತ್ತರು

ನೆಲದ ಮೇಲೆ ಏನು ಚೆಲ್ಲಿದರೂ ಮೊದಲು ಒರೆಸುವುದು ನಮ್ಮ ಹೆಂಗಸರ ಕೈಗೆ ಹತ್ತಿದ ಅಭ್ಯಾಸ. ಹಾಲು ಚೆಲ್ಲಲಿ, ಸಾರು ಚೆಲ್ಲಲಿ, ಬಿದ್ದ ಮಗುವಿನ ಮೊಣಕಾಲಿನಿಂದ ರಕ್ತ ತೊಟ್ಟಿಕ್ಕಲಿ, ಯಾರು ಮಾಡಿದರು ಎಂದು ಕೇಳುವ ಮೊದಲೇ ಕೈಯಲ್ಲಿ ಒರೆಸುವ ಬಟ್ಟೆ ಇರುತ್ತದೆ. ಶುದ್ಧವಾದ ನೆಲವೇ ನಮ್ಮ ಮರ್ಯಾದೆ. ಹೀಗಿರುವಾಗ 'ಈ ರಕ್ತವನ್ನು ಒರೆಸಬೇಡಿ' ಎಂಬ ಮಾತನ್ನು ಹೆಸರಿನಲ್ಲೇ ಹೊತ್ತುಕೊಂಡ ಒಂದು ಸಿನಿಮಾ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಹಜ. ಒರೆಸದೆ ಬಿಡುವುದೂ ಒಂದು ಕೆಲಸವೇ, ಕೆಲವೊಮ್ಮೆ ಒರೆಸುವುದಕ್ಕಿಂತ ಕಷ್ಟದ ಕೆಲಸ ಎಂಬುದನ್ನು ಆ ಹೆಸರು ಹೇಳುತ್ತಿತ್ತು.

ಸಿನಿಮಾದ ಹೆಸರು 'ಡಿಯಾಜ್'. ಇಟಲಿಯ ನಿರ್ದೇಶಕ ಡೇನಿಯೆಲೆ ವಿಕಾರಿ ಮಾಡಿದ್ದು, 2012ರಲ್ಲಿ ಬಂದದ್ದು. ಮಗಳ ಲ್ಯಾಪ್‌ಟಾಪಿನಲ್ಲಿ, ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಳ್ಳುತ್ತ ಎರಡು ಸಲ ನೋಡಿದೆ. ಮೊದಲ ಸಲ ನಡುನಡುವೆ ಕಣ್ಣು ಮುಚ್ಚಿಕೊಂಡೆ. ಎರಡನೆಯ ಸಲ ಮುಚ್ಚಿಕೊಳ್ಳಲಿಲ್ಲ. ಈ ಲೇಖನ ಎರಡನೆಯ ಸಲ ನೋಡಿದ್ದರ ಫಲ.

ಕಥೆ ಕಟ್ಟುಕಥೆಯಲ್ಲ. 2001ರ ಜುಲೈನಲ್ಲಿ ಇಟಲಿಯ ಬಂದರು ಪಟ್ಟಣ ಜೆನೋವಾದಲ್ಲಿ ಎಂಟು ಬಲಿಷ್ಠ ದೇಶಗಳ ನಾಯಕರ ಸಭೆ ನಡೆಯಿತು. ಜಗತ್ತಿನ ದುಡ್ಡಿನ ವ್ಯವಹಾರವನ್ನು ಈ ಎಂಟು ಮಂದಿ ತೀರ್ಮಾನಿಸುವುದು ಬೇಡ ಎಂದು ಪ್ರತಿಭಟಿಸಲು ಬೇರೆ ಬೇರೆ ದೇಶಗಳಿಂದ ಲಕ್ಷಗಟ್ಟಲೆ ಜನ ಬಂದರು. ಬೀದಿಯಲ್ಲಿ ಗಲಾಟೆಯೂ ಆಯಿತು. ಅಂಗಡಿ ಒಡೆದವರು, ವಾಹನಗಳಿಗೆ ಬೆಂಕಿ ಹಚ್ಚಿದವರು ಇದ್ದರು. ಅದನ್ನು ಸಿನಿಮಾ ಮುಚ್ಚಿಡುವುದಿಲ್ಲ. ಜುಲೈ 20ರಂದು ಕಾರ್ಲೋ ಜೂಲಿಯಾನಿ ಎಂಬ 23 ವರ್ಷದ ಹುಡುಗ ಗುಂಡೇಟಿಗೆ ಬಿದ್ದ. ಮರುದಿನ, ಸಭೆಯೂ ಪ್ರತಿಭಟನೆಯೂ ಮುಗಿಯುತ್ತ ಬಂದ ಹೊತ್ತಿಗೆ, ನಡುರಾತ್ರಿಯ ಸುಮಾರಿಗೆ ಪೋಲೀಸರು ಡಿಯಾಜ್ ಎಂಬ ಶಾಲೆಯ ಬಾಗಿಲು ಮುರಿದು ಒಳನುಗ್ಗಿದರು. ಊರವರೇ ಪ್ರತಿಭಟನಕಾರರಿಗೆ ಮಲಗಲೆಂದು ಕೊಟ್ಟಿದ್ದ ಕಟ್ಟಡ ಅದು. ಒಳಗಿದ್ದವರಲ್ಲಿ 93 ಜನರನ್ನು ಬಂಧಿಸಿದರು. ಅವರಲ್ಲಿ 60ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕೆಲವರನ್ನು ಸ್ಟ್ರೆಚರಿನ ಮೇಲೆ ಹೊತ್ತು ತರಬೇಕಾಯಿತು.

ನಾನು ಶಾಲೆಯಲ್ಲಿ ಬದುಕು ಕಳೆದವಳು. ಹಾಗಾಗಿ ಈ ಚಿತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮನುಷ್ಯರಲ್ಲ, ಕಟ್ಟಡ. ಆಟದ ಕೋಣೆ, ಮೆಟ್ಟಿಲು, ಉದ್ದನೆಯ ಓಣಿ, ಸಾಲಾಗಿ ಬಾಗಿಲುಗಳು. ಯಾವ ದೇಶದಲ್ಲಾದರೂ ಶಾಲೆ ಶಾಲೆಯಂತೆಯೇ ಇರುತ್ತದೆ. ಆ ಆಟದ ಕೋಣೆಯ ನೆಲದಲ್ಲಿ ಮಲಗುವ ಚೀಲಗಳನ್ನು ಹಾಸಿಕೊಂಡು ಹುಡುಗ ಹುಡುಗಿಯರು ನಿದ್ದೆಗೆ ಜಾರುತ್ತಿದ್ದಾರೆ. ಒಬ್ಬಳು ಹಲ್ಲುಜ್ಜುತ್ತಿರಬಹುದು, ಒಬ್ಬ ಬೆಳಗಿನ ರೈಲಿಗೆ ಚೀಲ ಕಟ್ಟುತ್ತಿರಬಹುದು. ಇಂಥ ಜಾಗಕ್ಕೆ ಶಿರಸ್ತ್ರಾಣ ಹಾಕಿಕೊಂಡು ಲಾಠಿ ಹಿಡಿದವರು ನುಗ್ಗುವುದನ್ನು ವಿಕಾರಿ ಗದ್ದಲವಿಲ್ಲದೆ ತೋರಿಸುತ್ತಾರೆ. ದೊಡ್ಡ ಸಂಗೀತವಿಲ್ಲ. ಎದೆ ಹಿಡಿಯುವಂತೆ ಕೇಳಿಸುವುದು ಬೂಟಿನ ಸದ್ದು ಮತ್ತು ಲಾಠಿಯ ಸದ್ದು ಮಾತ್ರ.

ಆ ಹೊಡೆತದ ದೃಶ್ಯ ಬಹಳ ಉದ್ದವಾಯಿತು ಎಂದು ದೂರುವವರಿದ್ದಾರೆ. ಗೋಡೆಗೆ ಒರಗಿ ಕೂತು, ಎರಡೂ ಕೈ ಮೇಲೆತ್ತಿದ ಒಬ್ಬ ಮುದುಕನನ್ನು ಹೊಡೆಯುತ್ತಾರೆ. ನೋಡುತ್ತಿರುವಾಗ ಸಾಕು ಸಾಕು ಎನ್ನಿಸುವುದು ನಿಜ. ಆದರೆ ಆ ಉದ್ದ ಬೇಕಿತ್ತು ಎಂದು ನಾನು ವಾದಿಸುತ್ತೇನೆ. ಏಕೆಂದರೆ ಮರುದಿನ ಪೋಲೀಸರು ಪತ್ರಿಕೆಯವರನ್ನು ಕರೆಸಿ ಹೇಳಿದ್ದು ಬೇರೆಯೇ ಕಥೆ: ಒಳಗಿದ್ದವರು ಎದುರು ಬಿದ್ದರು, ಗಾಯಗಳೆಲ್ಲ ಹಗಲಿನ ಗಲಾಟೆಯ ಹಳೆಯ ಗಾಯಗಳು, ಒಳಗೆ ಪೆಟ್ರೋಲ್ ಬಾಂಬುಗಳು ಸಿಕ್ಕಿವೆ. ಎರಡು ಸಾಲಿನ ಆ ಸುಳ್ಳಿಗೆ ಇಷ್ಟುದ್ದದ ದೃಶ್ಯವೇ ಉತ್ತರ. ಸುಳ್ಳು ಯಾವಾಗಲೂ ಚಿಕ್ಕದಾಗಿಯೇ ಇರುತ್ತದೆ. ಸತ್ಯಕ್ಕೆ ಜಾಗ ಹೆಚ್ಚು ಬೇಕು.

ಇದಕ್ಕಿಂತ ನನ್ನನ್ನು ಕದಡಿದ್ದು ಎರಡನೆಯ ಭಾಗ. ಹಿಡಿದವರಲ್ಲಿ ಹಲವರನ್ನು ಬೋಲ್ಸನೇತೋ ಎಂಬಲ್ಲಿನ ಪೋಲೀಸ್ ವಸತಿಗೆ ಒಯ್ಯುತ್ತಾರೆ. ಅಲ್ಲಿ ಗಂಟೆಗಟ್ಟಲೆ ಗೋಡೆಗೆ ಮುಖ ಮಾಡಿ ಕಾಲಗಲಿಸಿ ನಿಲ್ಲಬೇಕು, ಬೈಗುಳ ಕೇಳಬೇಕು. ಹುಡುಗಿಯರಿಗೆ ಇನ್ನೊಂದು ಬಗೆಯ ಬೆದರಿಕೆ. ಯಾವ ಬಗೆಯದೆಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಮಾ ಎಂಬ ಜರ್ಮನ್ ಹುಡುಗಿಯ ಪಾತ್ರದ ಮೂಲಕ ಚಿತ್ರ ಇದನ್ನು ತೋರಿಸುತ್ತದೆ. ಶಾಲೆಯಲ್ಲಿ ಮುರಿದದ್ದು ಎಲುಬು. ಇಲ್ಲಿ ಮುರಿಯಲು ನೋಡಿದ್ದು ಮನಸ್ಸು. ಎಲುಬಿನ ಚಿತ್ರ ಎಕ್ಸ್‌ರೇಯಲ್ಲಿ ಬರುತ್ತದೆ, ನ್ಯಾಯಾಲಯಕ್ಕೆ ಕೊಡಬಹುದು. ಅವಮಾನಕ್ಕೆ ಎಕ್ಸ್‌ರೇ ಇಲ್ಲ. ಅದನ್ನು ಅನುಭವಿಸಿದವಳೇ ಬಾಯಿಬಿಟ್ಟು, ಅಪರಿಚಿತರ ಮುಂದೆ, ಹೇಳಬೇಕು.

ಇಲ್ಲಿಂದಲೇ ಈ ಚಿತ್ರದ ಬಗ್ಗೆ ನನ್ನ ತಕರಾರು ಶುರುವಾಗುತ್ತದೆ. ಅವಳು ಅದನ್ನು ಹೇಳಿದ್ದು ಯಾವಾಗ? ಎಲ್ಲಿ? ಯಾರ ಮುಂದೆ? ಚಿತ್ರ ಅದನ್ನು ತೋರಿಸುವುದಿಲ್ಲ. ನೋವು ಮುಗಿಯುವಲ್ಲಿ ಕಥೆಯೂ ಮುಗಿಯುತ್ತದೆ. ಆಮೇಲೆ ನಡೆದದ್ದೆಲ್ಲ ಕೊನೆಯಲ್ಲಿ ಕಪ್ಪು ತೆರೆಯ ಮೇಲೆ ಮೂಡುವ ಒಂದಿಷ್ಟು ಅಕ್ಷರಗಳಿಗೆ ಇಳಿದುಬಿಡುತ್ತದೆ.

ಇದು ಸಣ್ಣ ಕೊರತೆಯಲ್ಲ. ಈ ಚಿತ್ರ ಹುಟ್ಟಿದ್ದೇ ನ್ಯಾಯಾಲಯದ ದಾಖಲೆಗಳಿಂದ. ಚಿತ್ರ ತಯಾರಿಸಿದವರೇ ಹಾಗೆಂದು ಹೇಳಿದ್ದಾರೆ. ಯಾವ ಹೊಡೆತ ಯಾರಿಗೆ ಎಲ್ಲಿ ಬಿತ್ತು ಎಂಬುದು ನಿರ್ದೇಶಕರಿಗೆ ಗೊತ್ತಾದದ್ದು ಹೇಗೆ? ಯಾರೋ ಒಬ್ಬರು ಕಟಕಟೆಯಲ್ಲಿ ನಿಂತು ಅದನ್ನು ಹೇಳಿದ್ದರಿಂದ. ಎದುರು ಪಕ್ಷದ ವಕೀಲರು ಅಡ್ಡಪ್ರಶ್ನೆ ಹಾಕಿದಾಗ ಮತ್ತೊಮ್ಮೆ ಹೇಳಿದ್ದರಿಂದ. ಮಗು ಚೆನ್ನಾಗಿ ಬೆಳೆದಿದೆ, ಒಪ್ಪೋಣ. ಆದರೆ ಫೋಟೋದಲ್ಲಿ ತಾಯಿಯೇ ಇಲ್ಲ.

ಫೋಟೋದಲ್ಲಿ ಇಲ್ಲದ ಆ ಕಥೆಯನ್ನು ನಾನು ಸ್ವಲ್ಪ ಹೇಳುತ್ತೇನೆ.

ಚಿತ್ರದಲ್ಲಿ ಒಂದು ಬಾಟಲಿ ಮತ್ತೆ ಮತ್ತೆ ಬರುತ್ತದೆ. ಶಾಲೆಯ ಮುಂದೆ ಹಾದುಹೋದ ಪೋಲೀಸ್ ಗಾಡಿಯತ್ತ ಎಸೆದ ಬಾಟಲಿ, ಗಾಳಿಯಲ್ಲಿ ನಿಧಾನವಾಗಿ ತಿರುಗಿ ನೆಲಕ್ಕೆ ಬಿದ್ದು ಚೂರಾಗುವುದು. ದಾಳಿಗೆ ಅದೇ ನೆಪವಾಯಿತು. ನೋಡಲು ಚೆಂದವಾದ ದೃಶ್ಯ. ಆದರೆ ಮೊಕದ್ದಮೆಯಲ್ಲಿ ಮುಖ್ಯವಾದದ್ದು ಬೇರೆ ಎರಡು ಬಾಟಲಿಗಳು. ಶಾಲೆಯೊಳಗೆ ಸಿಕ್ಕವೆಂದು ಪೋಲೀಸರು ತೋರಿಸಿದ ಪೆಟ್ರೋಲ್ ಬಾಂಬುಗಳು. ಅವು ಆ ದಿನ ಮಧ್ಯಾಹ್ನ ಊರಿನ ಇನ್ನೊಂದು ರಸ್ತೆಯ ಪೊದೆಯಲ್ಲಿ ತನಗೆ ಸಿಕ್ಕಿದ್ದ ಬಾಟಲಿಗಳೇ ಎಂದು ಗುರುತಿಸಿದವನು ಒಬ್ಬ ಪೋಲೀಸ್ ಅಧಿಕಾರಿಯೇ. ಶಾಲೆಯ ಅಂಗಳದಲ್ಲಿ ಹಿರಿಯ ಅಧಿಕಾರಿಗಳು ನೀಲಿ ಪ್ಲಾಸ್ಟಿಕ್ ಚೀಲವೊಂದನ್ನು ಸುತ್ತುವರಿದು ನಿಂತದ್ದು ಅಲ್ಲಿನ ಟೀವಿಯವರ ಚಿತ್ರದಲ್ಲಿ ದಾಖಲಾಗಿತ್ತು. ಆ ಚೀಲದಲ್ಲಿ ಇದ್ದದ್ದು ಆ ಬಾಟಲಿಗಳು. ಮುಂದೆ ವಿಚಾರಣೆ ನಡೆಯುತ್ತಿದ್ದಾಗಲೇ, 2007ರಲ್ಲಿ, ಪೋಲೀಸರ ವಶದಲ್ಲಿದ್ದ ಬಾಟಲಿಗಳು ಕಾಣೆಯಾದವು. ಆದರೂ ಪ್ರಕರಣ ಬೀಳಲಿಲ್ಲ. ಕಾರಣ, ಅಷ್ಟು ಹೊತ್ತಿಗೆ ಮಾತುಗಳು ಕಾಗದಕ್ಕೆ ಇಳಿದಾಗಿತ್ತು. ವಸ್ತುವನ್ನು ಮಾಯ ಮಾಡಬಹುದು, ಸರಿಯಾಗಿ ಬರೆದುಕೊಂಡ ಸಾಕ್ಷಿಯನ್ನು ಮಾಯ ಮಾಡುವುದು ಅಷ್ಟು ಸುಲಭವಲ್ಲ. ಈ ಕಥೆಗೆ ಸಿನಿಮಾ ಕೊಟ್ಟ ಜಾಗ ತೀರ ಚಿಕ್ಕದು. ಎಸೆದ ಬಾಟಲಿ ಹೊಳೆಯುತ್ತದೆ, ಇಟ್ಟ ಬಾಟಲಿ ಮಂಕಾಗುತ್ತದೆ.

ಇನ್ನೊಂದು ಮಾತು. ಚಿತ್ರದಲ್ಲಿ ಮ್ಯಾಕ್ಸ್ ಎಂಬ ಒಳ್ಳೆಯ ಅಧಿಕಾರಿಯಿದ್ದಾನೆ. ಹೊಡೆತ ಮಿತಿಮೀರಿದಾಗ ಸಾಕು ನಿಲ್ಲಿಸಿ ಎಂದು ಕೂಗುತ್ತಾನೆ. ಆಗ ನಮಗೂ ಉಸಿರು ಬರುತ್ತದೆ. ನಿಜ ಜೀವನದಲ್ಲೂ ಆ ತುಕಡಿಯ ಉಪನಾಯಕನೊಬ್ಬ ಅದು ಕಸಾಯಿಖಾನೆಯಂತಿತ್ತು ಎಂದು ಹೇಳಿದ. ಆದರೆ ಹೇಳಿದ್ದು 2007ರಲ್ಲಿ, ನ್ಯಾಯಾಲಯದಲ್ಲಿ. ಅಷ್ಟು ವರ್ಷ ತನ್ನವರ ಮೇಲಿನ ನಿಷ್ಠೆಯಿಂದ ಸುಮ್ಮನಿದ್ದೆ ಎಂಬರ್ಥದ ಮಾತನ್ನೂ ಆಡಿದ. ಆ ಆರು ವರ್ಷದ ಮೌನವೇ ನಿಜವಾದ ನಾಟಕ. ಒಬ್ಬ ಮನುಷ್ಯ ತನ್ನ ಗುಂಪಿನ ಎದುರು ಬಾಯಿ ಬಿಡಲು ಆರು ವರ್ಷ ಬೇಕಾಯಿತು. ರಾತ್ರಿಯ ಕೂಗು ಸಿನಿಮಾಕ್ಕೆ ಒಗ್ಗುತ್ತದೆ, ಆರು ವರ್ಷದ ಮೌನ ಒಗ್ಗುವುದಿಲ್ಲ. ಆದ್ದರಿಂದಲೇ ಅದನ್ನು ತೋರಿಸುವುದು ದೊಡ್ಡ ಕಲೆಯಾಗುತ್ತಿತ್ತು.

ತರಗತಿಯಲ್ಲಿ ಕಿಟಕಿಯ ಗಾಜು ಒಡೆದಾಗ 'ಯಾರು ಒಡೆದದ್ದು?' ಎಂದು ಕೇಳಿ ನೋಡಿ. ಐವತ್ತು ಮಕ್ಕಳೂ ಪುಸ್ತಕದತ್ತ ನೋಡುತ್ತಾರೆ. ಅದು ಮಕ್ಕಳ ಸ್ನೇಹ, ನಗುತ್ತ ಬಿಟ್ಟುಬಿಡಬಹುದು. ಸಮವಸ್ತ್ರ ತೊಟ್ಟ ದೊಡ್ಡವರು ಹೀಗೆ ಮಾಡಿದರೆ? ಜೆನೋವಾದಲ್ಲಿ ಆದದ್ದು ಅದೇ. ಹೊಡೆದವರು ಮುಖ ಮುಚ್ಚಿಕೊಂಡಿದ್ದರು, ತಲೆಗೆ ಶಿರಸ್ತ್ರಾಣವಿತ್ತು, ಗುರುತಿಸಲು ನಂಬರಿರಲಿಲ್ಲ. ಯಾರು ಯಾರನ್ನು ಹೊಡೆದರೆಂದು ಗುರುತಿಸಲು ಪೋಲೀಸ್ ಇಲಾಖೆ ಸಹಕರಿಸಲಿಲ್ಲ ಎಂದು ಮುಂದೆ ಯುರೋಪಿನ ನ್ಯಾಯಾಲಯವೇ ಬರೆಯಿತು. ಕೊನೆಗೆ ಸರ್ಕಾರಿ ಅಭಿಯೋಜಕ ಎನ್ರಿಕೋ ಜುಕ್ಕಾ ಮತ್ತು ಜೊತೆಯವರು ಹಿಡಿಯಲು ಸಾಧ್ಯವಾದದ್ದು ಮುಖ್ಯವಾಗಿ ಆಜ್ಞೆ ಕೊಟ್ಟವರನ್ನು, ಸುಳ್ಳು ವರದಿಗೆ ಸಹಿ ಹಾಕಿದವರನ್ನು. ಲಾಠಿಗೆ ಹೆಸರಿರಲಿಲ್ಲ, ಸಹಿಗೆ ಹೆಸರಿತ್ತು.

ವಿಚಾರಣೆ ಶುರುವಾದದ್ದು 2005ರಲ್ಲಿ. ಏಟು ತಿಂದವರು ಜರ್ಮನಿ, ಇಂಗ್ಲೆಂಡ್, ಸ್ಪೇನ್, ಸ್ವಿಟ್ಜರ್ಲೆಂಡಿನಿಂದ ಅದೇ ಊರಿಗೆ ಮತ್ತೆ ಬಂದು ಸಾಕ್ಷಿ ಹೇಳಿದರು. ಇದನ್ನು ಸ್ವಲ್ಪ ಯೋಚಿಸಿ. ಬಂಧಿಸಿ, ಹೊಡೆದು, ದೇಶದಿಂದ ಹೊರಗೆ ಹಾಕಿದ ಊರಿಗೆ ಟಿಕೆಟ್ ತೆಗೆಸಿಕೊಂಡು ತಾವಾಗಿ ಬರುವುದು! ಅವರ ಮೇಲೆ ಹೊರಿಸಿದ್ದ ಆರೋಪಗಳಾವುವೂ ನಿಲ್ಲಲಿಲ್ಲ. ತಮ್ಮ ತಲೆ ಉಳಿಯಿತಲ್ಲ ಎಂದು ಸುಮ್ಮನಿರಬಹುದಿತ್ತು. ಬಂದರು. ನನ್ನ ಪ್ರಕಾರ ಈ ಇಡೀ ಪ್ರಸಂಗದ ಅತಿ ದೊಡ್ಡ ದೃಶ್ಯ ಇದು. ರೈಲಿನಿಂದ ಇಳಿದು, ಆ ಬೀದಿಯನ್ನು ಹಾದು, ನ್ಯಾಯಾಲಯದ ಮೆಟ್ಟಿಲು ಹತ್ತುವ ಒಬ್ಬ ಹುಡುಗಿ. ಐದು ನಿಮಿಷ ಸಾಕಿತ್ತು. ವಿಕಾರಿ ಕೊಡಲಿಲ್ಲ.

ಫಲ ಏನು ಬಂತು? 2008ರ ನವೆಂಬರಿನಲ್ಲಿ ಕೆಳಗಿನ ನ್ಯಾಯಾಲಯ 29 ಆರೋಪಿಗಳಲ್ಲಿ 13 ಮಂದಿಯನ್ನಷ್ಟೇ ತಪ್ಪಿತಸ್ಥರೆಂದಿತು. ಮೇಲಿನ ಅಧಿಕಾರಿಗಳು ಬಿಡುಗಡೆಯಾದರು. 2010ರ ಮೇನಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ತಿರುಗಿಸಿ 27ರಲ್ಲಿ 25 ಮಂದಿಯನ್ನು, ಹಿರಿಯರನ್ನೂ ಸೇರಿಸಿ, ಶಿಕ್ಷಿಸಿತು. 2012ರ ಜುಲೈ 5ರಂದು ದೇಶದ ಅತ್ಯುನ್ನತ ನ್ಯಾಯಾಲಯ ಸುಳ್ಳು ದಾಖಲೆ ಸೃಷ್ಟಿಸಿದ ಶಿಕ್ಷೆಗಳನ್ನು ಎತ್ತಿಹಿಡಿಯಿತು. ಆದರೆ ಗಾಯ ಮಾಡಿದ ಅಪರಾಧಕ್ಕೆ ಕಾಲ ಮೀರಿಹೋಗಿತ್ತು. ಇಟಲಿಯ ಕಾನೂನಿನಲ್ಲಿ ಮೊಕದ್ದಮೆ ಶುರುವಾದ ಮೇಲೂ ಗಡಿಯಾರ ನಿಲ್ಲುತ್ತಿರಲಿಲ್ಲ. ಕೊನೆಯ ತೀರ್ಪಿನ ಮೊದಲೇ ಗಡುವು ಮುಗಿದರೆ ಅಪರಾಧವೂ ಮುಗಿದಂತೆ. ಉಳಿದ ಶಿಕ್ಷೆಯಲ್ಲೂ 2006ರ ಕ್ಷಮಾದಾನ ಕಾನೂನಿನಿಂದ ಮೂರು ವರ್ಷ ಕಡಿತವಾಯಿತು. ವಿಚಾರಣೆಯ ಆ ವರ್ಷಗಳಲ್ಲೇ ಆರೋಪಿಗಳಲ್ಲಿ ಕೆಲವರಿಗೆ ಬಡ್ತಿಯೂ ಸಿಕ್ಕಿತ್ತು. ತೀರ್ಪಿನ ಬಳಿಕ ಪೋಲೀಸ್ ಮುಖ್ಯಸ್ಥರು ಕ್ಷಮೆ ಕೇಳುವ ಹೊತ್ತು ಬಂದಿದೆ ಎಂದರು. ಹನ್ನೊಂದು ವರ್ಷವಾಗಿತ್ತು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥದ್ದನ್ನು ಕಂಡೇ ಇರಬೇಕು. ಆಸ್ತಿಯ ವ್ಯಾಜ್ಯಕ್ಕೆ ಆ ಗಾದೆ ಸರಿ. ಅಣ್ಣತಮ್ಮಂದಿರು ಎರಡೆಕರೆಗೆ ಬಡಿದಾಡಿ ನಾಲ್ಕೆಕರೆ ಮಾರಿಕೊಂಡದ್ದನ್ನು ಎಲ್ಲ ಊರಲ್ಲೂ ಕಂಡಿದ್ದೇವೆ. ಆದರೆ ಇಲ್ಲಿ ಕೇಳಿದ್ದು ಎರಡೆಕರೆಯಲ್ಲ. ನಡೆದದ್ದನ್ನು ನಡೆದಿದೆ ಎಂದು ದೇಶ ಬರೆದುಕೊಳ್ಳಲಿ ಎಂದು ಕೇಳಿದ್ದು. ಅದಕ್ಕೆ ಈ ಗಾದೆಯ ತಕ್ಕಡಿ ಸಾಲದು.

ಏಟು ತಿಂದವರಲ್ಲಿ ಒಬ್ಬರು, ಆಗ 62 ವರ್ಷದವರು, ಕೈಕಾಲು ಪಕ್ಕೆಲುಬು ಮುರಿಸಿಕೊಂಡವರು, ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2015ರ ಏಪ್ರಿಲ್ 7ರಂದು ಆ ನ್ಯಾಯಾಲಯ ಒಮ್ಮತದಿಂದ ಹೇಳಿತು: ಅಂದು ರಾತ್ರಿ ನಡೆದದ್ದು ಚಿತ್ರಹಿಂಸೆ. ಬರೀ ಅತಿರೇಕವಲ್ಲ, ಗಲಿಬಿಲಿಯಲ್ಲ. 45,000 ಯೂರೋ ಪರಿಹಾರ ಕೊಡಿ ಎಂದಿತು. ಜೊತೆಗೆ, ಚಿತ್ರಹಿಂಸೆಯನ್ನು ಅಪರಾಧವೆಂದು ಕರೆಯುವ ಕಾನೂನೇ ಇಟಲಿಯಲ್ಲಿಲ್ಲ, ಅದೇ ದೋಷ ಎಂದು ಬೊಟ್ಟು ಮಾಡಿತು. 2017ರ ಜುಲೈನಲ್ಲಿ ಇಟಲಿ ಅಂಥ ಕಾನೂನು ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬೋಲ್ಸನೇತೋದ ಹಿಂಸೆಯೂ ಚಿತ್ರಹಿಂಸೆಯೇ ಎಂದು ಸ್ಟ್ರಾಸ್‌ಬರ್ಗ್ ತೀರ್ಪು ಕೊಟ್ಟಿತು. ಹೊಡೆದವರಿಗೆ ತಕ್ಕ ಶಿಕ್ಷೆ ಆಯಿತೇ? ಇಲ್ಲ. ಆದರೆ ಒಂದು ದೇಶದ ಕಾನೂನಿನ ಪುಸ್ತಕಕ್ಕೆ ಹೊಸ ಪುಟ ಸೇರಿತು. ಮುಂದೆ ಬರುವವರಿಗೆ ಅದು ಉಳಿಯುತ್ತದೆ.

ಎಲ್ಲರಿಗೂ ಇಷ್ಟು ಸಿಕ್ಕಿತು ಎಂದರೆ ಸುಳ್ಳಾದೀತು. ಗುಂಡೇಟಿಗೆ ಸತ್ತ ಕಾರ್ಲೋನ ಪ್ರಕರಣ ಆತ್ಮರಕ್ಷಣೆ ಎಂದು 2003ರಲ್ಲಿ ವಿಚಾರಣೆಯೇ ಇಲ್ಲದೆ ಮುಚ್ಚಿಹೋಯಿತು. ಮನೆಯವರು ಸ್ಟ್ರಾಸ್‌ಬರ್ಗಿಗೆ ಹೋದರು. 2011ರಲ್ಲಿ ಅಲ್ಲಿನ ಹಿರಿಯ ಪೀಠವೂ ಇಟಲಿಯ ತಪ್ಪಿಲ್ಲವೆಂದಿತು. ಅವನ ತಾಯಿ ಹೈದಿ ಜೂಲಿಯಾನಿ ಮನೆಯಲ್ಲಿ ಕೂರಲಿಲ್ಲ, ನಡುವೆ 2006ರಲ್ಲಿ ದೇಶದ ಸೆನೆಟ್ಟಿಗೇ ಸದಸ್ಯೆಯಾಗಿ ಹೋದರು. ಒಂದೇ ಊರು, ಒಂದೇ ವಾರ. ಒಂದು ಬಾಗಿಲು ಅರ್ಧ ತೆರೆಯಿತು, ಇನ್ನೊಂದು ತೆರೆಯಲೇ ಇಲ್ಲ. ನ್ಯಾಯಾಲಯದ ಮೇಲೆ ಭರವಸೆ ಇಡುವವರು ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ದೂರದ ಇಟಲಿಯ ಉಸಾಬರಿ ನಮಗೇಕೆ ಎಂದು ಕೇಳಬಹುದು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಅದನ್ನು ಸ್ಥಿರೀಕರಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ರಾಜ್ಯಸಭೆ ದಾಟಲಿಲ್ಲ. ನಮ್ಮಲ್ಲಿ ದೊಡ್ಡ ಅಪರಾಧಗಳಿಗೆ ಇಟಲಿಯಂತೆ ಗಡುವಿಲ್ಲ, ಅದು ಸಮಾಧಾನ. ಆದರೆ ಕರ್ತವ್ಯದ ಮೇಲಿದ್ದ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಅನೇಕ ಸಲ ಸರ್ಕಾರದ ಅನುಮತಿ ಬೇಕು, ಅದು ತಡೆ. ಒಂದು ವಿಷಯದಲ್ಲಿ ಮಾತ್ರ ನಮ್ಮ ಸುಪ್ರೀಂ ಕೋರ್ಟು ಮುಂದಿತ್ತು. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಎಂಬವರು ಲಾಕಪ್ಪಿನ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಅದನ್ನೇ ಅರ್ಜಿಯೆಂದು ಸ್ವೀಕರಿಸಿ 1996ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ, ಬಂಧಿಸುವ ಪೋಲೀಸರು ಎದ್ದು ಕಾಣುವ ಹೆಸರುಪಟ್ಟಿ ಧರಿಸಿರಬೇಕು, ಬಂಧನದ ಹೊತ್ತು ದಿನಾಂಕ ಬರೆದ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು, 48 ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು ಎಂದಿತು. ಜೆನೋವಾದ ಕಥೆ ಓದಿದ ಮೇಲೆ ಆ ಹೆಸರುಪಟ್ಟಿಯ ಬೆಲೆ ಗೊತ್ತಾಗುತ್ತದೆ. ಒಂದು ಅಂಗುಲದ ಆ ಪಟ್ಟಿ ಇಲ್ಲದ್ದರಿಂದ ನೂರಾರು ಲಾಠಿಗಳು ಅನಾಮಧೇಯವಾಗಿ ಉಳಿದವು.

ವಿಕಾರಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಚಿತ್ರ ಬಿಡುಗಡೆಯಾದದ್ದು 2012ರ ಏಪ್ರಿಲ್‌ನಲ್ಲಿ, ಕೊನೆಯ ತೀರ್ಪು ಬಂದದ್ದು ಮೂರು ತಿಂಗಳ ನಂತರ. ಅಂತ್ಯ ಅವರ ಕೈಯಲ್ಲಿರಲಿಲ್ಲ. ಮೇಲಾಗಿ ಆ ಹೊತ್ತಿನಲ್ಲಿ ಈ ಚಿತ್ರ ತೆಗೆಯುವುದಕ್ಕೆ ಧೈರ್ಯ ಬೇಕಿತ್ತು. ಅವರು ಯಾರನ್ನೂ ದೇವರಾಗಿಸಲಿಲ್ಲ, ಬೀದಿಯಲ್ಲಿ ಕಲ್ಲೆಸೆದವರನ್ನೂ ಮರೆಮಾಚಲಿಲ್ಲ. ಈ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ಎರಡು ತೀರ್ಪುಗಳು, ಮೂರ್ನಾಲ್ಕು ವರ್ಷದ ಸಾಕ್ಷಿಗಳು ಅಷ್ಟು ಹೊತ್ತಿಗೆ ಕಣ್ಣಮುಂದಿದ್ದವು. ಅದರಲ್ಲಿ ಒಂದು ದಿನವನ್ನಾದರೂ ತೋರಿಸಿದ್ದರೆ, ನೋಡುವವರು ಬರೀ ಭಯವನ್ನು ಎದೆಯಲ್ಲಿಟ್ಟುಕೊಂಡು ಏಳುತ್ತಿರಲಿಲ್ಲ. ಹಿಂಸೆಯನ್ನು ಮಾತ್ರ ತೋರಿಸುವ ಚಿತ್ರ, ಒಳ್ಳೆಯ ಉದ್ದೇಶದಿಂದಲೇ ಆದರೂ, ನಮ್ಮ ಹೆಣ್ಣುಮಕ್ಕಳಿಗೆ ಹೇಳುವ ಪಾಠ ಒಂದೇ: ಮನೆಯಲ್ಲಿರಿ, ಮೆರವಣಿಗೆಗೆ ಹೋಗಬೇಡಿ. ಆ ಹುಡುಗಿಯರು ಕಲಿಸಿದ ಪಾಠ ಅದಲ್ಲ.

ಆದ್ದರಿಂದ ಈ ಚಿತ್ರ ನೋಡಿ ಎಂದೇ ಹೇಳುತ್ತೇನೆ. ಒಬ್ಬರೇ ನೋಡಬೇಡಿ, ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ. ಕೊನೆಯಲ್ಲಿ ಕಪ್ಪು ತೆರೆಯ ಮೇಲೆ ಅಕ್ಷರಗಳು ಬಂದಾಗ ಮಾತ್ರ ಎದ್ದು ಹೋಗದೆ ನಿಧಾನವಾಗಿ ಓದಿ. ಒರೆಸದೆ ಬಿಟ್ಟ ನೆತ್ತರಿನ ಮುಂದೆ ಹನ್ನೊಂದು ವರ್ಷ, ಹದಿನಾಲ್ಕು ವರ್ಷ ಕಾವಲು ನಿಂತವರ ಕಥೆ ಆ ಅಕ್ಷರಗಳಲ್ಲಿದೆ. ಆ ಚಿತ್ರವನ್ನು ಇನ್ನೂ ಯಾರಾದರೂ ತೆಗೆಯಬೇಕಾಗಿದೆ.